ಕರುಳಿನ ಪರೀಕ್ಷೆ: ಯಾರಿಗೆ ಬೇಕು, ಯಾರಿಗೆ ಬೇಡ?

ಮನೆಯಲ್ಲೇ ಮಲದ ಮಾದರಿ ತೆಗೆದು ಕಳಿಸಿ, ನಿಮ್ಮ ಕರುಳಿನ ಸೂಕ್ಷ್ಮಜೀವಿಗಳ ಜಾತಕವನ್ನೇ ಬರೆದುಕೊಡುತ್ತೇವೆ ಎನ್ನುವ ಕಂಪೆನಿಗಳು ಈಗ ಹುಟ್ಟಿಕೊಂಡಿವೆ. ಆಂಟಿಬಯಾಟಿಕ್ ಔಷಧಿಗಳಿಗೆ ಜಗ್ಗದ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿದೆಯೇ ಎಂದು ತಿಳಿಯುವ ಆಸೆ ನಿಮಗೂ ಆಗಿರಬಹುದು. ನೀವು ಆರೋಗ್ಯವಾಗಿದ್ದರೆ ಆ ದುಡ್ಡು ಉಳಿಸಿಕೊಳ್ಳಿ ಎಂದೇ ನನ್ನ ಸಲಹೆ.

ಏಕೆಂದರೆ ಉತ್ತರ ‘ಇದೆ’ ಎಂದೇ ಬರುವ ಸಂಭವ ಹೆಚ್ಚು. ನೆದರ್‌ಲ್ಯಾಂಡ್ಸ್‌ನ ಸುಮಾರು 2000 ಪ್ರವಾಸಿಗರ ಮಲವನ್ನು ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಹೊರಡುವಾಗ ಇಂಥ ಬ್ಯಾಕ್ಟೀರಿಯಾ ಇಲ್ಲದೆ ದಕ್ಷಿಣ ಏಷ್ಯಾಕ್ಕೆ ಬಂದುಹೋದವರಲ್ಲಿ ನೂರಕ್ಕೆ 75 ಮಂದಿ ಅದನ್ನು ಹೊತ್ತುಕೊಂಡೇ ಊರಿಗೆ ಮರಳಿದ್ದರು. ಕೆಲವು ದಿನಗಳ ಅತಿಥಿಗಳ ಪಾಡು ಇದಾದರೆ, ಇಲ್ಲೇ ಉಂಡು ನೀರು ಕುಡಿಯುವ ನಮ್ಮದೇನು? ಆದರೆ ಗಾಬರಿ ಬೇಡ. ಕರುಳಿನಲ್ಲಿ ಅದು ಇರುವುದು ಕಾಯಿಲೆಯಲ್ಲ. ಆ ಪ್ರವಾಸಿಗರಲ್ಲಿ ಅರ್ಧದಷ್ಟು ಮಂದಿಗೆ ಒಂದೇ ತಿಂಗಳಲ್ಲಿ ಅದು ತಾನಾಗಿ ಹೊರಟುಹೋಗಿತ್ತು; ಒಂದು ವರ್ಷದ ಮೇಲೂ ಉಳಿದದ್ದು ನೂರಕ್ಕೆ 11 ಮಂದಿಯಲ್ಲಿ. ಅದನ್ನು ಓಡಿಸಲೆಂದು ಮಾತ್ರೆ ನುಂಗಿದಿರೋ, ನಿರುಪದ್ರವಿ ಬ್ಯಾಕ್ಟೀರಿಯಾಗಳು ಸತ್ತು ಈ ಹಟಮಾರಿಗಳಿಗೇ ಜಾಗ ತೆರವಾಗುತ್ತದೆ.

ಹಾಗಾದರೆ ಈ ಪರೀಕ್ಷೆ ದಂಡವೇ? ಖಂಡಿತ ಅಲ್ಲ. ನಿಮ್ಮ ತಂದೆಯವರಿಗೆ ಪ್ರಾಸ್ಟೇಟ್ ಗ್ರಂಥಿಯ ಬಯಾಪ್ಸಿ ಆಗಬೇಕಿದೆ ಎನ್ನಿ. ಗುದದ್ವಾರದ ಮೂಲಕ ಮಾಡುವ ವಿಧಾನದಲ್ಲಿ ಸೂಜಿ ಕರುಳಿನ ಗೋಡೆಯನ್ನೇ ಚುಚ್ಚಿ ಒಳಹೋಗುತ್ತದೆ, ಜತೆಗೆ ಅಲ್ಲಿನ ಬ್ಯಾಕ್ಟೀರಿಯಾವನ್ನೂ ಒಯ್ಯುತ್ತದೆ. ಮುನ್ನೆಚ್ಚರಿಕೆಗೆ ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧಿ ಕೊಡುವ ರೂಢಿಯಿದೆ. ಬ್ಯಾಕ್ಟೀರಿಯಾ ಅದಕ್ಕೇ ಜಗ್ಗದಿದ್ದರೆ? ಸೋಂಕು ರಕ್ತಕ್ಕೇರಿ ಜೀವಕ್ಕೇ ಸಂಚಕಾರ ಬರಬಹುದು. ಕೆಲವು ದಿನ ಮೊದಲೇ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಕಲ್ಚರ್ ಮಾಡಿಸಿದರೆ ಯಾವ ಔಷಧಿ ನಾಟುತ್ತದೆಂದು ವೈದ್ಯರಿಗೆ ತಿಳಿಯುತ್ತದೆ. ಗುದನಾಳವನ್ನು ಮುಟ್ಟದೆ, ವೃಷಣದ ಹಿಂಭಾಗದ ಚರ್ಮದ ಮೂಲಕ ಸೂಜಿ ಹಾಕುವ ಕ್ರಮವೂ ಉಂಟು. ಎರಡನ್ನೂ ಕೇಳಿ, ಕೇಳಲು ಸಂಕೋಚ ಬೇಡ.

ಅಸ್ಥಿಮಜ್ಜೆಯ ಕಸಿಗೆ ಸಿದ್ಧರಾಗುವವರಿಗೂ, ಒಂದು ಆಸ್ಪತ್ರೆಯ ತೀವ್ರನಿಗಾ ಘಟಕದಿಂದ ಇನ್ನೊಂದಕ್ಕೆ ಹೋಗುವವರಿಗೂ ಈ ಪರೀಕ್ಷೆ ಉಪಯುಕ್ತ.

ಪರೀಕ್ಷೆಯಷ್ಟೇ ಬೆಲೆಯುಳ್ಳ, ಕಾಸಿಲ್ಲದ ಮಾಹಿತಿಯೊಂದು ನಿಮ್ಮಲ್ಲೇ ಇದೆ. ಕಳೆದ ಆರು ತಿಂಗಳಲ್ಲಿ ರೋಗಿ ಯಾವ ಆಂಟಿಬಯಾಟಿಕ್ ತೆಗೆದುಕೊಂಡಿದ್ದರು, ಯಾವ ಆಸ್ಪತ್ರೆಯಲ್ಲಿ ಎಷ್ಟು ದಿನ ಇದ್ದರು? ವೈದ್ಯರು ಕೇಳದಿದ್ದರೂ ಹೇಳಿ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಮಾತ್ರೆಯನ್ನೂ ಮುಚ್ಚಿಡಬೇಡಿ.