ಎಣಿಸುವ ಯಂತ್ರ, ಯೋಚಿಸುವ ಮನಸ್ಸು

ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬಯಸುವವರು ಬರೆಯುವ ಪರೀಕ್ಷೆಗಳಲ್ಲಿ ಜಿ.ಆರ್.ಇ. ಎಂಬುದು ಪ್ರಸಿದ್ಧವಾದುದು. ನಮ್ಮ ನಾಡಿನ ಪದವೀಧರರೂ ಪ್ರತಿವರ್ಷ ಇದಕ್ಕೆ ಕುಳಿತುಕೊಳ್ಳುತ್ತಾರೆ. ಇದರ ಗಣಿತ ವಿಭಾಗದಲ್ಲಿ ಹಿಂದೆ ಕ್ಯಾಲ್ಕುಲೇಟರಿಗೆ ಅವಕಾಶವಿರಲಿಲ್ಲ. 2011ರಲ್ಲಿ ಪರೀಕ್ಷೆಯನ್ನು ಪರಿಷ್ಕರಿಸಿದಾಗ ಗಣಕಯಂತ್ರದ ತೆರೆಯ ಮೇಲೆಯೇ ಒಂದು ಕ್ಯಾಲ್ಕುಲೇಟರನ್ನು ಒದಗಿಸಲಾಯಿತು. ಕೂಡುವ, ಕಳೆಯುವ ಶ್ರಮವು ತಗ್ಗಿ ತರ್ಕಶಕ್ತಿಗೆ ಹೆಚ್ಚಿನ ಮನ್ನಣೆ ದೊರೆಯಲೆಂಬುದು ಇದರ ಉದ್ದೇಶ.

“ಯಂತ್ರವಿದ್ದ ಮೇಲೆ ಮಗ್ಗಿಯೇಕೆ, ಬಾಯಿಲೆಕ್ಕವೇಕೆ?” ಎಂದು ಕೇಳುವವರುಂಟು. ಯಂತ್ರ ಬಂದುದರಿಂದ ಪರೀಕ್ಷೆಯೇ ಕೆಟ್ಟಿತೆಂದು ಹಳಹಳಿಸುವವರೂ ಉಂಟು. ಈ ಎರಡು ಅಭಿಪ್ರಾಯಗಳೂ ಸರಿಯಲ್ಲವೆಂದು ನನ್ನ ನಂಬಿಕೆ.

ಈ ಯಂತ್ರದ ಶಕ್ತಿಯಾದರೂ ಎಷ್ಟು? ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ, ವರ್ಗಮೂಲ ಇವೇ ಅದರ ಮುಖ್ಯ ಕ್ರಿಯೆಗಳು. ಅದು ತೋರಿಸುವುದು ಎಂಟು ಅಂಕಿಗಳನ್ನು ಮಾತ್ರ. 7ರ ಇಪ್ಪತ್ತನೆಯ ಘಾತದ ಬಿಡಿಸ್ಥಾನದಲ್ಲಿ ಯಾವ ಅಂಕಿಯಿದೆ ಎಂಬ ಪ್ರಶ್ನೆ ಬಂದಿತೆನ್ನಿ. ಹತ್ತನೆಯ ಘಾತದಲ್ಲಿಯೇ ಎಂಟು ಅಂಕಿಗಳ ಮಿತಿ ಮೀರಿ ಯಂತ್ರವು ಸೋಲುತ್ತದೆ. ಆದರೆ 7, 49, 343, 2401 ಎಂದು ನಾಲ್ಕು ಹೆಜ್ಜೆ ನಡೆದವನಿಗೆ, ಬಿಡಿಸ್ಥಾನದಲ್ಲಿ 7, 9, 3, 1 ಎಂಬ ಅಂಕಿಗಳೇ ಮರಳಿ ಮರಳಿ ಬರುವುದು ಗೋಚರಿಸುತ್ತದೆ. 20 ಎಂಬುದು ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಉತ್ತರ 1.

ಕಾಲದ ಮಾತನ್ನೂ ಗಮನಿಸಬೇಕು. 2023ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕ್ರಮದಂತೆ, ಗಣಿತದ 27 ಪ್ರಶ್ನೆಗಳಿಗೆ 47 ನಿಮಿಷಗಳ ಅವಧಿ. ಎಂದರೆ ಒಂದೊಂದಕ್ಕೆ ಎರಡು ನಿಮಿಷವೂ ಇಲ್ಲ. 37ನ್ನು 43ರಿಂದ ಗುಣಿಸಬೇಕಾದಾಗ, ಒಬ್ಬನು ಯಂತ್ರವನ್ನು ತೆರೆದು ಅಂಕಿಗಳನ್ನು ಒತ್ತುವಷ್ಟರಲ್ಲಿ, ಇನ್ನೊಬ್ಬನು 40ರ ವರ್ಗದಿಂದ 3ರ ವರ್ಗವನ್ನು ಕಳೆದು 1591 ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿರುತ್ತಾನೆ.

ಹಾಗೆಂದು ಯಂತ್ರವನ್ನು ದೂರವಿಡಬೇಕಾಗಿಲ್ಲ. ತೊಡಕಿನ ಭಾಗಾಕಾರವೋ ವರ್ಗಮೂಲವೋ ಎದುರಾದಾಗ ಅದು ನಿಷ್ಠಾವಂತ ಸೇವಕ. ಆದರೆ ಸೇವಕನು ತಂದ ಸರಕನ್ನು ಯಜಮಾನನು ಪರೀಕ್ಷಿಸಿಯೇ ಸ್ವೀಕರಿಸಬೇಕು. 19.8ನ್ನು 5.1ರಿಂದ ಗುಣಿಸುವಾಗ ಮೊದಲ ಸಂಖ್ಯೆಯ ಬಿಂದು ಬಿಟ್ಟುಹೋದರೆ ಯಂತ್ರವು 1009.8 ಎಂದು ತೋರಿಸುತ್ತದೆ. ಅದು ತಾನಾಗಿ ಎಚ್ಚರಿಸುವುದಿಲ್ಲ. ಇಪ್ಪತ್ತನ್ನು ಐದರಿಂದ ಗುಣಿಸಿದರೆ ನೂರು ಎಂದು ಮೊದಲೇ ಅಂದಾಜು ಮಾಡಿದವನು ಮಾತ್ರ ತಪ್ಪನ್ನು ಆ ಕ್ಷಣವೇ ಕಂಡುಹಿಡಿದು, 100.98 ಎಂಬ ಸರಿಯುತ್ತರವನ್ನು ಪಡೆಯುತ್ತಾನೆ.

ಈ ಎಚ್ಚರವು ಪರೀಕ್ಷೆಯ ಕೊಠಡಿಯಲ್ಲಿ ಒಂದೇ ದಿನದಲ್ಲಿ ಹುಟ್ಟುವಂತಹುದಲ್ಲ. ಅಂಗಡಿಯ ಲೆಕ್ಕ, ಬ್ಯಾಂಕಿನ ಬಡ್ಡಿ, ಔಷಧದ ಪ್ರಮಾಣ ಇವೆಲ್ಲವನ್ನೂ ಇಂದು ಯಂತ್ರಗಳೇ ಎಣಿಸಿಕೊಡುತ್ತವೆ. ಅಲ್ಲಿ ಬಿಂದುವೊಂದು ತಪ್ಪಿದರೆ ಕಳೆದುಹೋಗುವುದು ಬರಿಯ ಅಂಕವಲ್ಲ. ಆದುದರಿಂದ ವಿದ್ಯಾರ್ಥಿಗಳು ಮಗ್ಗಿಯನ್ನೂ ಬಾಯಿಲೆಕ್ಕವನ್ನೂ ಈಗಿನಿಂದಲೇ ರೂಢಿಸಿಕೊಳ್ಳಬೇಕು. ಯಾವುದೇ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವ ಮುನ್ನ, ಉತ್ತರವು ಎಷ್ಟರ ಆಸುಪಾಸಿನಲ್ಲಿರಬಹುದೆಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು.