ಅಂತಸ್ತಿನ ಮದುವೆ, ಸಾಲದ ಬಾಳು

“ನಾವೇನೂ ಕೇಳುವುದಿಲ್ಲ, ಮದುವೆ ಮಾತ್ರ ನಮ್ಮ ಅಂತಸ್ತಿಗೆ ತಕ್ಕ ಹಾಗೆ ಮಾಡಿಕೊಡಿ.” ಇಂದಿನ ವರದಕ್ಷಿಣೆ ಆಡುವ ಮಾತು ಇದು. ಇಷ್ಟು ಎಂದು ಲೆಕ್ಕ ಹೇಳುವುದಿಲ್ಲ, ಹಾಗಾಗಿ ಚೌಕಾಶಿಗೂ ದಾರಿಯಿಲ್ಲ. ಎಷ್ಟು ಕೊಟ್ಟರೆ ಸಾಕೆಂಬುದು ಹೆಣ್ಣಿನವರಿಗೆ ತಿಳಿಯುವುದೇ ಇಲ್ಲ. ಕೊಟ್ಟದ್ದು ಸಾಲಲಿಲ್ಲ ಎಂಬುದನ್ನು ಮಾತ್ರ ಮಗಳು ಗಂಡನ ಮನೆಯಲ್ಲಿ ದಿನವೂ ಕೇಳುತ್ತಾಳೆ.

ಈ ಅಂತಸ್ತನ್ನು ನಮಗೆ ಕಲಿಸಿದವರು ಯಾರು? 2016ರ ನವೆಂಬರಿನಲ್ಲಿ ನೋಟು ರದ್ದಾಗಿ ಜನ ಬ್ಯಾಂಕುಗಳ ಮುಂದೆ ಸಾಲುಗಟ್ಟಿ ನಿಂತಿದ್ದಾಗಲೇ, ಮಾಜಿ ಸಚಿವರೊಬ್ಬರು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಂಪಿಯ ಸೆಟ್ ಹಾಕಿಸಿ ಮಗಳ ಮದುವೆ ಮಾಡಿದರು. ಟಿ.ವಿ. ಆ ವೈಭವವನ್ನು ನಮ್ಮ ಗುಡಿಸಲಿಗೂ ತಂದು ತೋರಿಸಿತು. ಧಾರಾವಾಹಿಗಳ ಹೆಂಗಸರಂತೂ ಅಡುಗೆಮನೆಯಲ್ಲೂ ರೇಷ್ಮೆಯುಟ್ಟು, ಬಡವರ ಮನೆಯಿಂದ ಬಂದ ಸೊಸೆಯನ್ನು ಹಂಗಿಸುತ್ತಾರೆ. ಉಳ್ಳವರಿಗೆ ಅದು ಒಂದು ದಿನದ ಮೆರೆದಾಟ. ಅದನ್ನು ಅನುಕರಿಸುವ ನಮಗೆ ವರ್ಷಗಟ್ಟಲೆ ಕಂತು.

ಓದು ಈ ರೋಗಕ್ಕೆ ಮದ್ದಾದೀತೆಂದು ಅನೇಕರು ನಂಬಿದ್ದರು. ಕಾಲೇಜಿನಲ್ಲಿ ಪಾಠ ಹೇಳುತ್ತಾ ನಾನು ಕಂಡದ್ದೇ ಬೇರೆ. ಹುಡುಗನ ಡಿಗ್ರಿ ಏರಿದಂತೆ ಅವನ ಬೆಲೆಯೂ ಏರಿತು. ಹುಡುಗಿ ಓದಿದರೆ ಅವಳಿಗಿಂತ ಹೆಚ್ಚು ಓದಿದ ಗಂಡು ಬೇಕು, ಅವನ ಬೆಲೆ ಇನ್ನೂ ಹೆಚ್ಚು! ಸರ್ಕಾರದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 6,450 ವರದಕ್ಷಿಣೆ ಸಾವುಗಳು ದಾಖಲಾದವು.

ಸೋದರಿಯರೇ, 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಒಂದು ಮಾತನ್ನು ಗಮನಿಸಿ. ಬಲವಂತವಿಲ್ಲದೆ ಕೊಡುವ ಉಡುಗೊರೆಗೆ ಅಲ್ಲಿ ಅವಕಾಶವಿದೆ. ಆದರೆ ಹೆಣ್ಣಿನ ಕಡೆಯವರು ಕೊಡುವುದು ರೂಢಿಯದಾಗಿರಬೇಕು, ಅವರ ಆರ್ಥಿಕ ಸ್ಥಿತಿಗೆ ಮೀರಿರಬಾರದು. ಅಂದರೆ ಕಾನೂನು ನೋಡುವುದು ಕೊಡುವವರ ಶಕ್ತಿಯನ್ನೇ ಹೊರತು ಗಂಡಿನವರ ಅಂತಸ್ತನ್ನಲ್ಲ. 1985ರ ನಿಯಮದ ಪ್ರಕಾರ ಉಡುಗೊರೆಗಳ ಪಟ್ಟಿಯನ್ನೂ ಬರೆದಿಡಬೇಕು: ಏನು ವಸ್ತು, ಅಂದಾಜು ಬೆಲೆ ಎಷ್ಟು, ಯಾರು ಕೊಟ್ಟರು. ಅದಕ್ಕೆ ವಧೂವರರಿಬ್ಬರ ಸಹಿ ಬೇಕು. ನಾಳೆ ಒಡವೆ ಅತ್ತೆಯ ಬೀರು ಸೇರಿದರೆ ಈ ಹಾಳೆಯೇ ನಿಮ್ಮ ಸಾಕ್ಷಿ.

ಸರಳ ಮದುವೆಯಿಂದ ಮಾನ ಹೋಗುತ್ತದೆ ಎನ್ನುವವರಿಗೆ ಕುವೆಂಪು ಅವರನ್ನು ನೆನಪಿಸೋಣ. ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಅವರು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಆಡಂಬರವಿಲ್ಲದ ಮಂತ್ರ ಮಾಂಗಲ್ಯದ ರೀತಿಯಲ್ಲಿ ನಡೆಸಿದರು. ಅವರ ಗೌರವಕ್ಕೆ ಯಾವ ಕುಂದೂ ಬರಲಿಲ್ಲ.

ಮದುವೆಗೆಂದು ಸಾಲ ಕೇಳಿ ಸಂಘಕ್ಕೆ ಬಂದವಳನ್ನು ಹಂಗಿಸಬೇಡಿ, ಬರಿಗೈಲಿ ಕಳಿಸಲೂ ಬೇಡಿ. ಅವಳು ನೇರ ಬಡ್ಡಿ ಸಾಹುಕಾರನ ಬಾಗಿಲಿಗೆ ಹೋಗುತ್ತಾಳೆ. ಅವಳೊಂದಿಗೆ ಕುಳಿತು ಖರ್ಚಿನ ಪಟ್ಟಿ ಬರೆಯಿರಿ. ಯಾವುದು ಮಗಳಿಗಾಗಿ, ಯಾವುದು ನೋಡುವವರ ಕಣ್ಣಿಗಾಗಿ ಎಂದು ಬೇರೆ ಮಾಡಿ. ಎರಡನೆಯದನ್ನು ಒಬ್ಬಳೇ ಹೊಡೆದುಹಾಕಲು ಧೈರ್ಯ ಸಾಲದು. ಹತ್ತು ಹೆಂಗಸರು ಒಟ್ಟಿಗೆ ನಿಂತರೆ ಸಾಕಾಗುತ್ತದೆ.