ನಮ್ಮ ನಂತರ ಇವನಿಗೆ ಯಾರು?



ನುಗ್ಗೇಹಳ್ಳಿ ಕಡೆಯ ಒಂದು ಮನೆಯ ಮಾತಿದು. ಮೂವತ್ತು ದಾಟಿದ ಮಗ. ಸುಲಿದ ತೆಂಗಿನಕಾಯಿಗಳನ್ನು ಎಣಿಸಿ ರಾಶಿ ಹಾಕಿದನೆಂದರೆ ಲೆಕ್ಕದಲ್ಲಿ ಒಂದೂ ತಪ್ಪದು. ಆದರೆ ಮದುವೆಮನೆಯಲ್ಲಿ ವಾಲಗದ ಸದ್ದು ಕೇಳಿದೊಡನೆ ಕಿವಿ ಮುಚ್ಚಿಕೊಂಡು ಹೊರಗೋಡುತ್ತಾನೆ. ಮುಖ ನೋಡಿ ಮಾತನಾಡುವುದಿಲ್ಲ. ಕೆಲವರು ಹುಚ್ಚೆಂದರು, ಕೆಲವರು ಸೊಕ್ಕೆಂದರು. ಎರಡೂ ಅಲ್ಲ, ಅದು ಆಟಿಸಂ, ಎಂದರೆ ಸ್ವಲೀನತೆ.

ಇದು ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಭಿನ್ನತೆ. ಹೆತ್ತವರ ಪಾಲನೆಯ ದೋಷವಲ್ಲ, ಪೂರ್ವಜನ್ಮದ ಫಲವಲ್ಲ, ಮದುವೆ ಮಾಡಿದರೆ ಸರಿಹೋಗುವಂಥದೂ ಅಲ್ಲ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಇದನ್ನು ಮಕ್ಕಳಲ್ಲಿ ಕಂಡು ವಿವರಿಸಿದರು. ಅಂದಿನಿಂದ ಇದು ಮಕ್ಕಳ ವಿಷಯವೆಂದೇ ಅನೇಕರ ಭಾವನೆ. ಆದರೆ ಮಕ್ಕಳು ದೊಡ್ಡವರಾಗುತ್ತಾರೆ. ಸ್ವಲೀನತೆ ಬಾಳಿನುದ್ದಕ್ಕೂ ಜೊತೆಗಿರುತ್ತದೆ.

ಇಂಥವರೊಡನೆ ಕೊಂಕಿಲ್ಲದೆ, ಸುತ್ತುಬಳಸದೆ, ಒಂದು ಸಲಕ್ಕೆ ಒಂದೇ ಮಾತು ಹೇಳಿ ಉತ್ತರಕ್ಕಾಗಿ ಕಾಯಬೇಕು. ನೆಂಟರು ಬರುವುದನ್ನೂ ಪ್ರಯಾಣ ಹೊರಡುವುದನ್ನೂ ಮುಂಚಿತವಾಗಿಯೇ ತಿಳಿಸಬೇಕು. ಸಮಾರಂಭಗಳಲ್ಲಿ ಗದ್ದಲವಿಲ್ಲದ ಒಂದು ಕೋಣೆ ಅವರಿಗಿರಲಿ. ಅವರೆದುರಿಗೇ ಅವರ ಕುರಿತು ಆಡಿಕೊಳ್ಳುವುದು ಸಲ್ಲದು. ಮಾತು ಬಾರದವರಿಗೂ ನೋವು ತಿಳಿಯುತ್ತದೆ. ಅವರಿಂದಾಗುವ ಕಾಯಕವನ್ನು ಕರುಣೆಯಿಂದ ಕಸಿದುಕೊಳ್ಳಬಾರದು.

ಆ ತಾಯಿ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ನಾವು ಕಣ್ಣು ಮುಚ್ಚಿದ ಮೇಲೆ ಇವನಿಗೆ ಯಾರು?"

ಮಗನಿಗೆ 18 ವರ್ಷ ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲವೆಂಬುದು ಹಲವರಿಗೆ ತಿಳಿಯದು. ಎಲ್ಲರಿಗೂ ಪಾಲಕರು ಬೇಕೆಂದಲ್ಲ; ತಮ್ಮ ವ್ಯವಹಾರವನ್ನು ತಾವೇ ನಡೆಸುವವರೂ ಉಂಟು. ಅಗತ್ಯವಿರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ, ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಯು ಪಾಲಕರನ್ನು ನೇಮಿಸುತ್ತದೆ. ತಂದೆತಾಯಿ ಅಥವಾ ಬಂಧುಗಳು ಅರ್ಜಿ ಸಲ್ಲಿಸಬಹುದು. ಅದೇ ನ್ಯಾಸದ 'ನಿರಾಮಯ' ಆರೋಗ್ಯ ವಿಮೆಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸಿದ 21 ಬಗೆಗಳಲ್ಲಿ ಸ್ವಲೀನತೆಯೂ ಸೇರಿದೆ. ಸಂದೇಹವಿದ್ದವರು ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಬಹುದು.

ಆದರೆ ಕಾಯಿದೆ ಪಾಲಕನನ್ನು ಕೊಟ್ಟೀತು, ಬಂಧುವನ್ನು ಕೊಡಲಾರದು. ಆ ಮಗನ ಅಭ್ಯಾಸ, ಅಂಜಿಕೆ, ಇಷ್ಟದ ಊಟ ಇವನ್ನೆಲ್ಲ ತಾಯಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಅಣ್ಣತಮ್ಮಂದಿರೂ ನೆರೆಯವರೂ ಇಂದೇ ಅವನೊಡನೆ ಕುಳಿತು ಉಣ್ಣಲಿ. ಆಗ ಆ ತಾಯಿಯ ಪ್ರಶ್ನೆಗೆ ನಾವೆಲ್ಲ ಉತ್ತರವಾದೇವು.